ಓದುಗರ ಪ್ರಶ್ನೆ: ಅಲ್ಯೂಮಿನಿಯಂ ಟ್ರೇಲರೋ, ಕಾಂಬೊ ಟ್ರೇಲರೋ?

ಪ್ರಶ್ನೆ: ಅಮೆರಿಕದ ಡಲ್ಲಾಸ್‌ನಲ್ಲಿ ಸ್ವಂತ ಟ್ರಕ್ ಓಡಿಸುತ್ತೇನೆ. ಈಗ 48 ಅಡಿಯ ಫ್ಲಾಟ್‌ಬೆಡ್ (ಬದಿ, ಚಾವಣಿ ಇಲ್ಲದ ಬಯಲು ಡೆಕ್ಕಿನ) ಟ್ರೇಲರ್ ಕೊಳ್ಳಬೇಕು. ಪೂರ್ತಿ ಅಲ್ಯೂಮಿನಿಯಂನದು ಹಗುರ, ಹೆಚ್ಚು ಸರಕು ಹೇರಬಹುದು ಎನ್ನುತ್ತಾರೆ ಮಾರುವವರು. ಉಕ್ಕಿನ ತೊಲೆಯ ಮೇಲೆ ಅಲ್ಯೂಮಿನಿಯಂ ಡೆಕ್ ಇರುವ ಕಾಂಬೊ ಗಟ್ಟಿ ಎನ್ನುತ್ತಾರೆ ಹಳೆಯ ಚಾಲಕರು. ನನ್ನದು ಹೆಚ್ಚಾಗಿ ಮರ, ಪೈಪು. ಆಗಾಗ ಆರ್ಕನ್ಸಾದ ಬ್ಲೈತ್‌ವಿಲ್ ಕಡೆಯಿಂದ ಉಕ್ಕಿನ ಕಾಯಿಲ್ (ಹಾಳೆ ಸುತ್ತಿದ ಸುರುಳಿ). ಯಾವುದು ಸರಿ?

ಉತ್ತರ: ಕಾಯಿಲ್ ಬಿಡುವುದಿಲ್ಲ ಎಂದಾದರೆ ಕಾಂಬೊ ತೆಗೆದುಕೊಳ್ಳಿ.

ಮೊದಲು ತೂಕದ ಲೆಕ್ಕ. ಪರ್ಮಿಟ್ ಇಲ್ಲದೆ ಅಂತರರಾಜ್ಯ ಹೆದ್ದಾರಿಯಲ್ಲಿ ಒಟ್ಟು ತೂಕ 80,000 ಪೌಂಡ್ (ಸುಮಾರು 36.3 ಟನ್) ಮೀರುವಂತಿಲ್ಲ. ಸ್ಲೀಪರ್ (ಮಲಗುವ ಕ್ಯಾಬಿನ್) ಇರುವ ಟ್ರ್ಯಾಕ್ಟರ್, ಅಂದರೆ ಟ್ರೇಲರನ್ನು ಎಳೆಯುವ ಟ್ರಕ್, ಡೀಸೆಲ್ ಸಹಿತ 19,000 ಪೌಂಡ್ ಎಂದುಕೊಳ್ಳಿ. ಚೈನು, ಅದನ್ನು ಬಿಗಿಯುವ ಬೈಂಡರು, ಬೆಲ್ಟು, ಟಾರ್ಪಾಲು, ಸರಕಿನ ಕೆಳಗೆ ಕೊಡುವ ಮರ ಸೇರಿ 2,000. ಕಾಂಬೊ ಟ್ರೇಲರ್ 11,000 ತೂಗಿದರೆ ಸರಕಿಗೆ 48,000 ಉಳಿಯುತ್ತದೆ. ಅಲ್ಯೂಮಿನಿಯಂನದು 9,500 ತೂಗಿದರೆ 49,500. ಅಂತರ 1,500 ಪೌಂಡ್. ಫ್ಲಾಟ್‌ಬೆಡ್‌ಗೆ ಬರುವ ಬಹುತೇಕ ಲೋಡುಗಳು 48,000ದೊಳಗೇ ಇರುತ್ತವೆ. ಬಾಡಿಗೆಯನ್ನು ಟನ್ ಲೆಕ್ಕದಲ್ಲಿ ಕೊಡುವ ಸರಕಾದರೆ ಆ 1,500 ಪೌಂಡಿಗೆ ಪ್ರತಿ ಟ್ರಿಪ್ಪಿಗೂ ದುಡ್ಡು ಬರುತ್ತದೆ. ಮೈಲಿಯ ಲೆಕ್ಕದ ಬಾಡಿಗೆಯಲ್ಲಿ ಒಂದು ಪೈಸೆಯೂ ಬರುವುದಿಲ್ಲ. ಖಾಲಿ ಓಡುವಾಗ ಡೀಸೆಲ್ ತುಸು ಉಳಿದೀತು, ಅಷ್ಟೆ. ಹಾಗಾಗಿ ನಿಮ್ಮ ಟ್ರ್ಯಾಕ್ಟರನ್ನು ಟ್ಯಾಂಕ್ ತುಂಬಿಸಿ, ಸಾಮಾನೆಲ್ಲ ಹೇರಿ ಕಾಟಾದಲ್ಲಿ ತೂಗಿಸಿದ ಮೇಲೆಯೇ ಟ್ರೇಲರ್ ಅಂಗಡಿಗೆ ಹೋಗಿ. ಕ್ಯಾಟಲಾಗಿನಲ್ಲಿ ಅಚ್ಚಾದ ಖಾಲಿ ತೂಕ ಸಾಮಾನ್ಯವಾಗಿ ವಿಂಚು, ಟೂಲ್‌ಬಾಕ್ಸು, ಹೆಡ್‌ಬೋರ್ಡ್ ಬಿಟ್ಟು ಹೇಳಿದ್ದಾಗಿರುತ್ತದೆ.

ನಿಜವಾದ ಪ್ರಶ್ನೆ ಇರುವುದು ಭಾರ ಎಷ್ಟು ಉದ್ದದ ಮೇಲೆ ಕೂರುತ್ತದೆ ಎಂಬುದರಲ್ಲಿ. 45,000 ಪೌಂಡ್ ಮರ ಡೆಕ್ ತುಂಬ ಹರಡಿಕೊಳ್ಳುತ್ತದೆ. ಅದೇ 45,000 ಪೌಂಡಿನ ಕಾಯಿಲ್ ನಾಲ್ಕೈದು ಅಡಿಯ ಮೇಲೆ ಕೂರುತ್ತದೆ. ಒಂದೇ ಆಕಾರದ ತೊಲೆಯಾದರೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಬಾಗುತ್ತದೆ. ತಯಾರಕರು ತೊಲೆಯನ್ನು ಎತ್ತರ, ದಪ್ಪ ಮಾಡಿ, ನಡುವೆ ಕಮಾನು ಕೊಟ್ಟು ಇದನ್ನು ಸರಿದೂಗಿಸುತ್ತಾರೆ. ಆದರೂ ಬಾಗು ಉಳಿದೇ ಉಳಿಯುತ್ತದೆ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಒತ್ತಡ ಒಂದು ಮಿತಿಯ ಕೆಳಗಿದ್ದರೆ ಉಕ್ಕು ಎಷ್ಟು ಸಲ ಬಾಗಿ ಎದ್ದರೂ ದಣಿಯದು. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಪ್ರತಿ ಗುಂಡಿ, ಪ್ರತಿ ಕಾಯಿಲ್ ಅದರ ಆಯುಷ್ಯದಲ್ಲಿ ಲೆಕ್ಕಕ್ಕೆ ಬರುತ್ತದೆ. ಕಾಯಿಲ್‌ಗೆಂದೇ ಅಡ್ಡತೊಲೆಗಳನ್ನು ಒತ್ತೊತ್ತಾಗಿ ಹಾಕಿಸಿದ ಅಲ್ಯೂಮಿನಿಯಂ ಟ್ರೇಲರ್ ಸಿಗುತ್ತದೆ. ಆದರೆ ತೂಕದ ಲಾಭ ಒಂದಿಷ್ಟು ಅಲ್ಲೇ ಕರಗುತ್ತದೆ, ಬೆಲೆಯೂ ಏರುತ್ತದೆ. ಯಾವುದನ್ನೇ ಕೊಂಡರೂ '4 ಅಡಿಯ ಮೇಲೆ ಎಷ್ಟು ಪೌಂಡ್' ಎಂಬ ರೇಟಿಂಗನ್ನು ಬರಹದಲ್ಲಿ ಪಡೆಯಿರಿ. ಪೂರ್ತಿ ಡೆಕ್ಕಿನ ರೇಟಿಂಗ್ ತೋರಿಸಿ ಸಮಾಧಾನ ಹೇಳುವವರ ಮಾತಿಗೆ ಒಪ್ಪಬೇಡಿ.

ಕಾಯಿಲ್ ಕಟ್ಟುವ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ಡೆಕ್ಕಿನಲ್ಲಿರುವ ಮರದ ನೈಲರ್ ಪಟ್ಟಿ ನೋಡಿ ಹಲವರು ಮೊಳೆ ಹೊಡೆದರೆ ಸಾಕು ಎಂದುಕೊಳ್ಳುತ್ತಾರೆ. ಸಾಲದು. ಕಾಯಿಲ್ ಉರುಳದಂತೆ ಅದರ ಕೆಳಗಿಡುವ ದಿಮ್ಮಿಗಳನ್ನು ಬರೀ ಮೊಳೆ ಹೊಡೆದ ಮರದ ತುಂಡುಗಳಿಂದ ನಿಲ್ಲಿಸುವುದನ್ನು ಫೆಡರಲ್ ನಿಯಮವೇ ನಿಷೇಧಿಸಿದೆ; ಆ ದಿಮ್ಮಿಗಳನ್ನು ಹಿಡಿದಿಡುವ ಕಾಯಿಲ್ ರ‍್ಯಾಕ್ ಬಳಸಿ. ಕಾಯಿಲ್‌ನ ಕಣ್ಣು (ನಡುವಿನ ತೂತು) ಟ್ರೇಲರ್‌ನ ಬದಿಗೆ ಮುಖ ಮಾಡಿದ್ದರೆ ಕಣ್ಣಿನೊಳಗಿಂದ ಕನಿಷ್ಠ ಒಂದು ಚೈನ್ ಮುಂದಕ್ಕೆ ಉರುಳದಂತೆ, ಒಂದು ಹಿಂದಕ್ಕೆ ಉರುಳದಂತೆ ಎಳೆದಿರಬೇಕು. ಇಲ್ಲಿ ಕಣ್ಣಿನೊಳಗೆ ಚೈನನ್ನು ಕತ್ತರಿಯಾಕಾರದಲ್ಲಿ ಹಾಯಿಸುವಂತಿಲ್ಲ. ಚೈನುಗಳ ಒಟ್ಟು ಕೆಲಸದ ಮಿತಿ (ಸುರಕ್ಷಿತವಾಗಿ ತಡೆಯಬಲ್ಲ ಭಾರ) ಸರಕಿನ ತೂಕದ ಅರ್ಧಕ್ಕೆ ಕಡಿಮೆ ಇರಬಾರದು. 45,000 ಪೌಂಡಿಗೆ 22,500 ಬೇಕು. 3/8 ಇಂಚಿನ ಗ್ರೇಡ್ 70 ಚೈನಿನ ಮಿತಿ 6,600 ಪೌಂಡ್. ಹಾಗಾಗಿ ಒಂದು ಬದಿಯಿಂದ ಹೊರಟು ಇನ್ನೊಂದು ಬದಿಗೆ ಮುಗಿಯುವ ನಾಲ್ಕು ಚೈನು ಕನಿಷ್ಠ. ಮೊದಲ 50 ಮೈಲಿಯೊಳಗೆ ನಿಲ್ಲಿಸಿ ನೋಡಲೇಬೇಕು. ಬಾಗುವ ಡೆಕ್ಕಿನ ಮೇಲೆ ಚೈನು ಬೇಗ ಸಡಿಲಾಗುತ್ತದೆ, ಇನ್ನೂ ಮುಂಚೆಯೇ ನೋಡಿ.

ಕಾಯಿಲ್ ಪೂರ್ತಿ ಬಿಟ್ಟು ಮರ, ಪೈಪಿಗೇ ನಿಲ್ಲುವುದಾದರೆ ಅಲ್ಯೂಮಿನಿಯಂ ಒಳ್ಳೆಯ ಆಯ್ಕೆ: ತುಕ್ಕಿಲ್ಲ, ಬಣ್ಣ ಬಳಿಯುವ ಕೆಲಸವಿಲ್ಲ, ಮಾರುವಾಗ ಬೆಲೆ ಬರುತ್ತದೆ.

ಪ್ರಶ್ನೆ: ಮಿಷಿಗನ್‌ನಲ್ಲಿದ್ದೇನೆ. ನನ್ನ ಕಾಂಬೊ ಟ್ರೇಲರ್‌ನಲ್ಲಿ ಉಕ್ಕು, ಅಲ್ಯೂಮಿನಿಯಂ ಕೂಡುವಲ್ಲಿ ಬಿಳಿ ಪುಡಿ ಏಳುತ್ತಿದೆ. ತೊಂದರೆಯೇ?

ಉತ್ತರ: ತೊಂದರೆಯೇ. ಎರಡು ಬೇರೆ ಲೋಹ ತಾಗಿಕೊಂಡಿದ್ದು ನಡುವೆ ಉಪ್ಪುನೀರು ಸೇರಿದರೆ ಅದು ಬ್ಯಾಟರಿಯಂತೆ ವರ್ತಿಸುತ್ತದೆ, ಮತ್ತು ತಿಂದುಹೋಗುವುದು ಅಲ್ಯೂಮಿನಿಯಂ. ಬಿಳಿ ಪುಡಿ ಅದರದೇ. ಮಂಜು ಕರಗಿಸಲು ಸುರಿಯುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಲೋರೈಡ್ ದ್ರಾವಣಗಳು ಗಾಳಿಯ ತೇವ ಹೀರಿಕೊಂಡು ಸಂದಿಯಲ್ಲಿ ಒದ್ದೆಯಾಗಿಯೇ ಕೂರುವುದರಿಂದ ಸವೆತ ರಸ್ತೆ ಒಣಗಿದ ಮೇಲೂ ನಡೆಯುತ್ತದೆ. ಹೊಸ ಟ್ರೇಲರಿನಲ್ಲಿ ಎರಡು ಲೋಹಗಳ ನಡುವೆ ಟೇಪು ಅಥವಾ ಲೇಪನ ಇರುತ್ತದೆ. ಅದು ಹರಿದ ಜಾಗದಿಂದ ಕೆಡುಕು ಶುರು.

ಚಳಿಗಾಲದಲ್ಲಿ ವಾರಕ್ಕೊಮ್ಮೆಯಾದರೂ ಅಡಿಯಿಂದ, ಮುಖ್ಯ ತೊಲೆಯ ಮೇಲಂಚಿಗೆ ನೀರು ಹೊಡೆಸಿ. ಮೇಲಿನಿಂದ ಡೆಕ್ ತೊಳೆದರೆ ಉಪ್ಪು ಸಂದಿಗೇ ಇಳಿಯುತ್ತದೆ. ಡೆಕ್ ಹಿಡಿದ ಕ್ಲಿಪ್ಪು, ಬೋಲ್ಟುಗಳ ಸುತ್ತ ಪುಡಿ ಕೆರೆದು, ರಂಧ್ರ ಅಗಲವಾಗಿದೆಯೇ ನೋಡಿ. ಬೋಲ್ಟ್ ಬದಲಿಸುವಾಗ ಲೋಹಗಳ ನಡುವೆ ಪ್ರತ್ಯೇಕಿಸುವ ಟೇಪ್ ಹೊಸದಾಗಿ ಹಾಕಿಸಿ. ಉಕ್ಕಿನ ತುಕ್ಕು ಪದರ ಪದರವಾಗಿ ಉಬ್ಬಿ ಡೆಕ್ಕನ್ನೇ ಮೇಲೆತ್ತಿದ್ದರೆ ಬಣ್ಣ ಬಳಿದು ಮುಚ್ಚಬೇಡಿ. ಬಿಚ್ಚಿಸಿ, ತೊಲೆ ಎಷ್ಟು ತೆಳುವಾಗಿದೆ ಎಂದು ಅಳೆಸಿ. ನಿಮ್ಮ ಓಡಾಟವೆಲ್ಲ ಮಿಷಿಗನ್, ಒಹಾಯೊ, ಒಂಟಾರಿಯೊ ಎಂದಾದರೆ, ಮುಂದಿನ ಟ್ರೇಲರ್ ಅಲ್ಯೂಮಿನಿಯಂನದಾಗಲಿ.

ಪ್ರಶ್ನೆ: ಬಳಸಿದ ಅಲ್ಯೂಮಿನಿಯಂ ಟ್ರೇಲರ್ ನೋಡುವಾಗ ಏನನ್ನು ಪರೀಕ್ಷಿಸಬೇಕು?

ಉತ್ತರ: ಖಾಲಿ ನಿಲ್ಲಿಸಿ, ಪಕ್ಕದಿಂದ ಕಣ್ಣು ಹಾಯಿಸಿ. ನಡುವೆ ಕಮಾನಿರಬೇಕು, ಖಾಲಿ ಇರುವಾಗಲೇ ಹೊಟ್ಟೆ ಇಳಿಬಿದ್ದಿದ್ದರೆ ಬಿಟ್ಟುಬಿಡಿ. ಆಮೇಲೆ ಟಾರ್ಚ್ ಹಿಡಿದು ಕೆಳಗೆ ತೂರಿ. ಮುಂದೆ ತೊಲೆಯ ಎತ್ತರ ಕಿರಿದಾಗುವ ಕುತ್ತಿಗೆ, ಲ್ಯಾಂಡಿಂಗ್ ಗೇರ್ (ಬಿಚ್ಚಿಟ್ಟ ಟ್ರೇಲರನ್ನು ಹೊರುವ ಕಾಲು) ಕೂರುವ ಜಾಗ, ಸಸ್ಪೆನ್ಷನ್ ತೂಗುವ ಹ್ಯಾಂಗರುಗಳ ಸುತ್ತ, ಅಡ್ಡತೊಲೆಗಳು ಮುಖ್ಯ ತೊಲೆಯನ್ನು ಹಾಯುವ ಕಡೆ ಬಿರುಕು ಹುಡುಕಿ. ಬೋಲ್ಟಿನ ಸುತ್ತ ಕಪ್ಪು ಗೆರೆ ಇಳಿದಿದ್ದರೆ ಆ ಜೋಡಣೆ ಅಲ್ಲಾಡಿ ಉಜ್ಜುತ್ತಿದೆ ಎಂದರ್ಥ. ಅನುಮಾನ ಬಂದಲ್ಲಿ ಡೈ ಪೆನಿಟ್ರಂಟ್ ಹಾಕಿಸಿ. ಕೆಂಪು ಬಣ್ಣ ಬಿರುಕಿನ ಗೆರೆಯನ್ನು ಎತ್ತಿ ತೋರಿಸುತ್ತದೆ.

ಹಳೆಯ ವೆಲ್ಡಿಂಗ್ ಕಂಡರೆ ಹೆಚ್ಚು ಎಚ್ಚರ. ಸಾಮಾನ್ಯವಾಗಿ ಬಳಸುವ 6061-ಟಿ6 ಮಿಶ್ರಲೋಹ ವೆಲ್ಡ್ ಬಿಸಿಗೆ ಆ ಸುತ್ತಿನಲ್ಲಿ ತನ್ನ ಬಲದ ದೊಡ್ಡ ಭಾಗ ಕಳೆದುಕೊಳ್ಳುತ್ತದೆ, ಹಾಗಾಗಿ ಹೊಸ ಬಿರುಕು ವೆಲ್ಡಿನ ಪಕ್ಕದಲ್ಲೇ ಬರುತ್ತದೆ. ತೊಲೆಯ ಕೆಳಗಿನ ಫ್ಲ್ಯಾಂಜಿಗೆ (ಅಗಲ ಅಂಚಿಗೆ) ಅಡ್ಡವಾಗಿ ವೆಲ್ಡ್ ಮಾಡಿದ ಟ್ರೇಲರನ್ನು ಯಾವ ಬೆಲೆಗೂ ಕೊಳ್ಳಬೇಡಿ.

ಪ್ರಶ್ನೆ: ಅಗಲ ಆಕ್ಸಲ್ ಬೇಕೋ, ಒತ್ತಿನ ಆಕ್ಸಲ್ ಬೇಕೋ?

ಉತ್ತರ: ಒತ್ತಿನ ಜೋಡಿ ಆಕ್ಸಲ್ 34,000 ಪೌಂಡ್ ಹೊರಬಹುದು, ಅಗಲ ಆಕ್ಸಲ್, ಅಂದರೆ ಎರಡು ಆಕ್ಸಲ್‌ಗಳ ನಡುವೆ 10 ಅಡಿಗಿಂತ ತುಸು ಹೆಚ್ಚು ಅಂತರವಿದ್ದರೆ 40,000. ಕಾಯಿಲನ್ನು ಒಂದಡಿ ಹಿಂದೆ ಇಟ್ಟರೂ ದಂಡ ಬೀಳದಂತೆ ಆ 6,000 ಪೌಂಡ್ ಕಾಪಾಡುತ್ತದೆ. ಆದರೆ ಬಿಗಿ ತಿರುವಿನಲ್ಲಿ ಟೈರು ಉಜ್ಜಿ ಸವೆಯುತ್ತದೆ. ಮುಂದಿನ ಆಕ್ಸಲ್‌ನ ಸಸ್ಪೆನ್ಷನ್ ಗಾಳಿಚೀಲಗಳ ಗಾಳಿ ಇಳಿಸುವ ವಾಲ್ವ್ ಹಾಕಿಸಿಕೊಳ್ಳಿ. ಯಾರ್ಡಿನಲ್ಲಿ ನಿಧಾನವಾಗಿ ತಿರುಗುವಾಗ ಮಾತ್ರ ಬಳಸಿ, ರಸ್ತೆಗೆ ಬರುವ ಮುಂಚೆ ಗಾಳಿ ತುಂಬಿಸಿ.