ಜ್ವರದ ಮಾತ್ರೆಯ ಜೊತೆ ನೆಗಡಿಯ ಮಾತ್ರೆಯನ್ನೂ ತೆಗೆದುಕೊಳ್ಳಬಹುದೇ?

ಜ್ವರಕ್ಕೆ 650 ಮಿಲಿಗ್ರಾಂ ಪ್ಯಾರಾಸಿಟಮಾಲ್, ಕಟ್ಟಿದ ಮೂಗಿಗೆ ನೆಗಡಿಯ ಮಾತ್ರೆ, ಮೈಕೈ ನೋವಿಗೆ ಐಬುಪ್ರೊಫೆನ್, ಈ ಮೂರನ್ನೂ ಒಂದೇ ದಿನ ನುಂಗಬಹುದೇ ಎಂದು ಕೇಳಿದ್ದೀರಿ. ಔಷಧ ಅಂಗಡಿಯಲ್ಲಿ ಕೆಲಸ ಮಾಡುವ ನಾನು ಇಂಥ ಸಂದರ್ಭದಲ್ಲಿ ಮೊದಲು ನೋಡುವುದು ನೆಗಡಿ ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿಯನ್ನು. ಅಂಥ ಹಲವು ಮಾತ್ರೆಗಳಲ್ಲಿ 325 ಅಥವಾ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮೊದಲೇ ಸೇರಿರುತ್ತದೆ; ಕೆಲವೆಡೆ ಅದನ್ನೇ ಅಸಿಟಾಮಿನೋಫೆನ್ ಎಂದು ಮುದ್ರಿಸಿರುತ್ತಾರೆ.

ನಿಮ್ಮದರಲ್ಲಿ 500 ಇದೆ ಎಂದುಕೊಳ್ಳೋಣ. ಎರಡೂ ಮಾತ್ರೆಗಳನ್ನು ದಿನಕ್ಕೆ ನಾಲ್ಕು ಸಲ ತೆಗೆದುಕೊಂಡರೆ 2600 ಮತ್ತು 2000 ಸೇರಿ 4600 ಮಿಲಿಗ್ರಾಂ ಆಗುತ್ತದೆ. ಆರೋಗ್ಯವಂತ ವಯಸ್ಕರಿಗೆ 24 ಗಂಟೆಗಳಲ್ಲಿ ಗರಿಷ್ಠ ಮಿತಿ 4000. ತೂಕ ತೀರಾ ಕಡಿಮೆಯಿರುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಮತ್ತು ನಿತ್ಯ ಮದ್ಯ ಸೇವಿಸುವವರಿಗೆ ಈ ಪ್ರಮಾಣವೂ ಅತಿಯಾಗಬಹುದಾದ್ದರಿಂದ ಅವರು ವೈದ್ಯರನ್ನು ಕೇಳಿಯೇ ಪ್ರಮಾಣ ನಿಗದಿ ಮಾಡಿಕೊಳ್ಳಬೇಕು. ಎರಡು ಡೋಸ್‌ಗಳ ನಡುವೆ ಕನಿಷ್ಠ 4 ಗಂಟೆ, ಸಾಧ್ಯವಾದರೆ 6 ಗಂಟೆ ಅಂತರವಿರಲಿ. ಜ್ವರ ಇಳಿಯಲಿಲ್ಲವೆಂದು ನಡುವೆ ಇನ್ನೊಂದನ್ನು ನುಂಗುವ ಅಭ್ಯಾಸ ನನಗಂತೂ ಸರಿ ಕಾಣುವುದಿಲ್ಲ.

ಐಬುಪ್ರೊಫೆನ್ ಬೇರೆಯೇ ಗುಂಪಿನ ಔಷಧವಾದ್ದರಿಂದ ಆರೋಗ್ಯವಂತ ವಯಸ್ಕರು ಅದನ್ನು ಪ್ಯಾರಾಸಿಟಮಾಲ್ ಜೊತೆ ತೆಗೆದುಕೊಳ್ಳಬಹುದು. ವೈದ್ಯರ ಸಲಹೆಯಿಲ್ಲದೆ ಒಂದು ಸಲಕ್ಕೆ 400, ದಿನಕ್ಕೆ 1200 ಮಿಲಿಗ್ರಾಂ ಮೀರಬಾರದು. ಊಟವಾದ ಮೇಲೆ ತೆಗೆದುಕೊಳ್ಳುವುದು ಒಳ್ಳೆಯದು. ಹೊಟ್ಟೆಯ ಹುಣ್ಣು ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುತ್ತಿರುವವರು ಮತ್ತು ಗರ್ಭಿಣಿಯರು ಸ್ವಂತ ನಿರ್ಧಾರದಿಂದ ಅದನ್ನು ಮುಟ್ಟಬಾರದು. ಡೆಂಗಿಯ ಶಂಕೆಯಿದ್ದರೆ ರಕ್ತಸ್ರಾವದ ಭಯವಿರುವುದರಿಂದ ಐಬುಪ್ರೊಫೆನ್ ಮತ್ತು ಆಸ್ಪಿರಿನ್ ಎರಡೂ ಬೇಡ.

ಮನೆಯಲ್ಲಿ ಮಕ್ಕಳಿದ್ದರೆ ಈ ಲೆಕ್ಕವನ್ನು ಅವರಿಗೆ ಅನ್ವಯಿಸಬೇಡಿ. ಅವರ ಡೋಸ್ ತೂಕದ ಮೇಲೆ ನಿಂತಿದೆ: ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ ಪ್ಯಾರಾಸಿಟಮಾಲ್. 5 ಮಿಲಿಲೀಟರ್‌ಗೆ 120 ಮತ್ತು 250 ಮಿಲಿಗ್ರಾಂ ಇರುವ ಸಿರಪ್‌ಗಳೆರಡೂ ಸಿಗುತ್ತವೆ, ಹನಿ ಔಷಧ ಇವೆರಡಕ್ಕಿಂತ ಗಾಢವಾಗಿರಬಹುದು. ಬಾಟಲಿ ಬದಲಾದಾಗಲೆಲ್ಲ ಅಳತೆಯನ್ನು ಹೊಸದಾಗಿ ಲೆಕ್ಕ ಹಾಕಿ, ಅಡುಗೆಮನೆಯ ಚಮಚ ಬಿಟ್ಟು ಅದರ ಜೊತೆ ಬಂದ ಅಳತೆಯ ಮುಚ್ಚಳವನ್ನೇ ಬಳಸಿ.

ಪ್ಯಾರಾಸಿಟಮಾಲ್ ಮಿತಿ ಮೀರಿದೆಯೆಂದು ಗೊತ್ತಾದರೆ ಏನೂ ಆಗಿಲ್ಲವೆಂದು ಕಾಯಬೇಡಿ. ಮೊದಲ ದಿನ ಸ್ವಲ್ಪ ವಾಕರಿಕೆ ಬಿಟ್ಟರೆ ಏನೂ ಕಾಣದೆಯೂ ಯಕೃತ್ತು ಹಾಳಾಗುತ್ತಿರಬಹುದು. ಅದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದ್ದು, 8 ಗಂಟೆಯೊಳಗೆ ಕೊಟ್ಟರೆ ಅತ್ಯಂತ ಚೆನ್ನಾಗಿ ಕೆಲಸ ಮಾಡುತ್ತದೆ. ತಡವಾಗಿದ್ದರೂ ಖಾಲಿ ಸ್ಟ್ರಿಪ್‌ಗಳನ್ನು ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ.