ಸಿದ್ದಿಗಳ ಆಚರಣೆಗಳಲ್ಲಿ ಆಫ್ರಿಕಾದ ನೆನಪು ಉಳಿದಿದೆಯೇ?

ಉಳಿದಿದೆ, ಆದರೆ ಅದನ್ನು ಧರ್ಮದ ಹೆಸರಲ್ಲಿ ಹುಡುಕಬಾರದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಇವರ ಪೂರ್ವಜರಲ್ಲಿ ಹಲವರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ತಪ್ಪಿಸಿಕೊಂಡವರು ಇಲ್ಲಿನ ಕಾಡು ಸೇರಿದರು.

ಯಲ್ಲಾಪುರದ ಹತ್ತಿರ ನಡೆಯುವ ಸಿದ್ದಿ ನಾಸ್ ದೇವರ ಜಾತ್ರೆಗೆ ಮೂರೂ ಧರ್ಮದವರು ಒಟ್ಟಿಗೆ ಬರುತ್ತಾರೆ. ತೀರಿಹೋದ ಹಿರಿಯರನ್ನು ಮನೆಯಲ್ಲಿ ಪೂಜಿಸುವುದೂ ಮುಖ್ಯ. ಡಮಾಮಿ ವಾದ್ಯ, ಕುಣಿತ ಅಂತೂ ಎಲ್ಲರದು.

ನನಗೆ ಜಾಸ್ತಿ ಇಷ್ಟವಾಗುವುದು ಹೆಂಗಸರು ಹಳೆ ಬಟ್ಟೆಯಿಂದ ಹೊಲಿಯುವ ಕೌದಿ. ಅಂಚಿನಿಂದ ಶುರುಮಾಡಿ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಿಗೆ ಬಟ್ಟೆಯ ಪುಟ್ಟ ‘ಫೂಲ’ (ಹೂವು) ಹೊಲಿಯಲೇಬೇಕು. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ.