ಅಂಡಮಾನ್ ಪ್ಲ್ಯಾನ್ ಮಾಡೋ ಮುಂಚೆ ಬೆಳಕು ಮತ್ತೆ ಸಮುದ್ರದ ಇಳಿತದ ಟೈಮ್ ನೋಡ್ಕೊಳ್ಳಿ

ಮೇಡಂ, ಫೆಬ್ರವರಿಲಿ ಆರು ದಿನ, ಜೊತೆಗೆ ಮಂಡಿನೋವಿರೋ ಅಮ್ಮ ಮತ್ತೆ ಮಗಳು, ಬರೀ ಬೀಚ್ ಬೇಡ ಹಕ್ಕಿ ಹವಳ ನೋಡ್ಬೇಕು ಅಂದ್ರಲ್ಲ, ಏಜೆಂಟ್ ಕೊಟ್ಟಿರೋ ಲಿಸ್ಟ್ ನೋಡ್ದೆ. ಜಾಗಗಳೇನೋ ಸರಿ ಇವೆ, ಆದ್ರೆ ಟೈಮಿಂಗ್ ಪೂರ್ತಿ ತಪ್ಪು. ಅಲ್ಲಿ ನಮ್ಮದೇ ಗಡಿಯಾರ ಇದ್ರೂ ಸೂರ್ಯ ಬೇರೆ ಲೆಕ್ಕ, ಬೆಳಗ್ಗೆ ಬೇಗ ಹುಟ್ಟಿ ಫೆಬ್ರವರಿಲಿ ಸಂಜೆ ಐದೂವರೆ ಒಳಗೇ ಮುಳುಗಿಬಿಡ್ತಾನೆ, ಹಾಗಾಗಿ ಬೆಂಗಳೂರಿನ ಅಭ್ಯಾಸದಲ್ಲಿ ಒಂಬತ್ತಕ್ಕೆ ತಿಂಡಿ ಮುಗಿಸಿ ಹೊರಟ್ರೆ ಹಕ್ಕಿಗಳ ಒಳ್ಳೆ ಹೊತ್ತು ಆಗ್ಲೇ ಕಳೆದಿರತ್ತೆ.

ಪೋರ್ಟ್ ಬ್ಲೇರ್‌ನ (ಈಗ ಶ್ರೀ ವಿಜಯಪುರಂ ಅಂತ ಹೆಸರು) ಎಲ್ಲರೂ ಒಂದು ರಾತ್ರಿಗೆ ಮುಗಿಸ್ತಾರೆ, ನೀವು ಎರಡು ರಾತ್ರಿ ಇಡಿ. ಚಿಡಿಯಾ ಟಾಪು ಅಲ್ಲಿಂದ ಸುಮಾರು 25 ಕಿಲೋಮೀಟರ್, ಜನ ಸನ್‌ಸೆಟ್‌ಗೆ ಅಂತ ಹೋಗ್ತಾರೆ, ನೀವು ಬೆಳಗ್ಗೆ ಐದೂಮುಕ್ಕಾಲಿಗೆ ಅಲ್ಲಿರಿ. ರೋಡ್ ಪಕ್ಕದಲ್ಲೇ ಹಕ್ಕಿ ಸಿಗೋದ್ರಿಂದ ಅಮ್ಮನೂ ಆರಾಮಾಗಿ ಬರಬಹುದು. ಅಂಡಮಾನ್ ಮರಕುಟಿಗ ಈ ದ್ವೀಪಗಳು ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ದಾಂಡೇಲಿಲಿ ಬಿಳಿ ಹೊಟ್ಟೆಯ ದೊಡ್ಡ ಕಪ್ಪು ಮರಕುಟಿಗ ನೋಡಿದ್ರೆ, ಇದು ಅದರ ಹತ್ತಿರದ ಸಂಬಂಧಿನೇ, ಆದ್ರೆ ಹೊಟ್ಟೆನೂ ಕಪ್ಪು, ತಲೆಯಲ್ಲಿ ಮಾತ್ರ ಕೆಂಪು. ಅಲ್ಲಿನ ಕೆಂಬೂತದ ಮೈಯೂ ನಮ್ಮದರ ಹಾಗೆ ಕಪ್ಪಲ್ಲ, ಮಾಸಲು ಕಂದು. ಮಗಳಿಗೆ ಬಾಳೆ, ತೆಂಗಿನ ಗರಿ, ಮನೆ ಗೋಡೆ ಎಲ್ಲಾ ಹುಡುಕೋಕೆ ಹೇಳಿ, ಗಿಳಿ ಹಸಿರಿನ ಹಲ್ಲಿ ಕಾಣತ್ತೆ, ಬೆನ್ನ ಮೇಲೆ ಕೆಂಪು ಚುಕ್ಕೆ, ಹಗಲಲ್ಲೇ ಓಡಾಡೋ ಈ ಹಲ್ಲಿನೂ ಅಂಡಮಾನಿನದೇ.

ವಾಪಸ್ ಬರ್ತಾ ಅಥವಾ ಇನ್ನೊಂದು ಬೆಳಗ್ಗೆ ಸಿಪ್ಪಿಘಾಟ್‌ನಲ್ಲಿ ನಿಲ್ಲಿಸಿ. 2004ರ ಭೂಕಂಪ-ಸುನಾಮಿಲಿ ಆ ಕಡೆ ನೆಲ ಕುಸಿದು ಗದ್ದೆಗಳಿಗೆ ಸಮುದ್ರದ ನೀರು ನುಗ್ತು, ಈಗ ಅದು ನೀರುಹಕ್ಕಿಗಳ ಜಾಗ. ಕಣ್ಣ ಸುತ್ತ ಬಿಳಿ ಬಳೆ ಇರೋ ಅಂಡಮಾನ್ ಟೀಲ್ ಬಾತು ಅಲ್ಲಿ ಸಿಗೋ ಚಾನ್ಸ್ ಚೆನ್ನಾಗಿದೆ.

ಹವಳಕ್ಕೆ ಪೋರ್ಟ್ ಬ್ಲೇರ್ ಹತ್ತಿರದ ವಂಡೂರಿಂದ ಬೋಟಲ್ಲಿ ಜಾಲಿ ಬಾಯ್ ದ್ವೀಪ. ಮಹಾತ್ಮ ಗಾಂಧಿ ಮರೈನ್ ನ್ಯಾಷನಲ್ ಪಾರ್ಕ್ ಒಳಗಿರೋದ್ರಿಂದ ಅರಣ್ಯ ಇಲಾಖೆ ಪರ್ಮಿಟ್ ಬೇಕು, ಮೊದಲೇ ಮಾಡಿಸಿ, ಪ್ಲಾಸ್ಟಿಕ್ ಒಯ್ಯೋ ಹಾಗಿಲ್ಲ. ಗಾಜಿನ ತಳದ ಬೋಟ್ ಇದೆ, ಅಮ್ಮ ನೀರಿಗಿಳೀದೆನೇ ನೋಡಬಹುದು. ನೀವು ಸ್ನಾರ್ಕ್ಲಿಂಗ್ ಮಾಡೋದಾದ್ರೆ ದಯವಿಟ್ಟು ಹವಳದ ಮೇಲೆ ಕಾಲಿಡಬೇಡಿ, ಅದು ಜೀವ, ಬಿಸಿ ನೀರಿಗೆ ಬೆಳ್ಳಗಾಗಿ ಆಗ್ಲೇ ಎಷ್ಟೋ ಸತ್ತಿವೆ.

ನನ್ನ ಕೇಳಿದ್ರೆ ಇಡೀ ಟ್ರಿಪ್ಪಲ್ಲಿ ಮಗಳಿಗೆ ಬೆಸ್ಟ್ ಅಂದ್ರೆ ನೀಲ್ ದ್ವೀಪದ ನ್ಯಾಚುರಲ್ ಬ್ರಿಡ್ಜ್. ಏಜೆಂಟ್ ಅದನ್ನ ಫೋಟೋ ಪಾಯಿಂಟ್ ಅಂತ ಹಾಕಿದಾರೆ, ಆದ್ರೆ ನೋಡಬೇಕಾದ್ದು ಇಳಿತದಲ್ಲಿ ಬಂಡೆ ಮಧ್ಯ ಉಳಿಯೋ ನೀರಿನ ಗುಂಡಿಗಳನ್ನ. ಒಂದೊಂದರ ಪಕ್ಕ ಹತ್ತು ನಿಮಿಷ ಸುಮ್ನೆ ಕೂತ್ರೆ ಸೀ ಕುಕುಂಬರ್ (ಸೌತೆಕಾಯಿ ಆಕಾರದ ಮೆತ್ತನೆ ಸಮುದ್ರ ಪ್ರಾಣಿ), ಏಡಿ, ಸಣ್ಣ ಮೀನು ಎಲ್ಲಾ ಒಂದೊಂದೇ ಹೊರಗೆ ಬರತ್ತೆ. ಬಂಡೆಗೆ ಕಚ್ಕೊಂಡಿರೋ ಜೈಂಟ್ ಕ್ಲ್ಯಾಮ್ ಕಪ್ಪೆಚಿಪ್ಪಿನ ತುಟಿ ನೀಲಿ-ನೇರಳೆ ಬಣ್ಣ, ನಿಮ್ಮ ನೆರಳು ಬಿದ್ರೆ ಸಾಕು ಒಳಗೆಳ್ಕೊಂಡು ಬಾಯಿ ಮುಚ್ಚತ್ತೆ, ನೆರಳು ಸರಿಸಿ ಕಾದ್ರೆ ಮತ್ತೆ ನಿಧಾನಕ್ಕೆ ತೆರೆಯತ್ತೆ. ಗೈಡ್ ಪ್ರಾಣಿನ ಕೈಗೆ ಎತ್ತಿ ಕೊಡೋಕೆ ಬಂದ್ರೆ ಬೇಡ ಅನ್ನಿ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ನೀರು ತುಂಬಾ ಕೆಳಗಿಳಿಯತ್ತೆ, ಆ ದಿನಗಳು ಸಿಕ್ರೆ ಬಿಡಬೇಡಿ. ಬಂಡೆ ಜಾರತ್ತೆ, ಅಮ್ಮ ದಡದಲ್ಲೇ ಇರಲಿ.

ಹ್ಯಾವ್ಲಾಕ್ ದ್ವೀಪಕ್ಕೆ ಒಂದು ರಾತ್ರಿ ಸಾಕು. ಟಿಕೆಟಲ್ಲಿ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಅಂತ ಇದ್ರೆ ಗಾಬರಿ ಬೇಡ, 2018ರಲ್ಲಿ ಹೆಸರು ಬದಲಾಗಿದೆ.

ಬಾರಾಟಾಂಗ್ ದ್ವೀಪ ಕೈಬಿಡಿ ಅಂತೀನಿ. ಸುಣ್ಣದಕಲ್ಲಿನ ಗುಹೆ, ಮ್ಯಾಂಗ್ರೋವ್ ಕಾಲುವೆ ಚೆನ್ನಾಗಿವೆ ನಿಜ, ಆದ್ರೆ ರಸ್ತೆ ಹೋಗೋದು ಅಲ್ಲಿನ ಮೂಲನಿವಾಸಿ ಜಾರವಾ ಜನರ ಕಾಡೊಳಗೆ, ಗಾಡಿಗಳ ಸಾಲಲ್ಲಿ, ನಿಲ್ಲಿಸೋ ಹಾಗಿಲ್ಲ ಫೋಟೋ ತೆಗೆಯೋ ಹಾಗಿಲ್ಲ. ಅವರ ಮನೆ ಅಂಗಳದಲ್ಲಿ ದಿನಾ ಇಷ್ಟು ಗಾಡಿ ಓಡೋದು ನನಗೆ ಒಪ್ಪಿಗೆ ಆಗಲ್ಲ, ಅಮ್ಮನಿಗೂ ಅಷ್ಟು ಹೊತ್ತಿನ ಪ್ರಯಾಣ ಕಷ್ಟ. ಆಮೆ ಮೊಟ್ಟೆ ಇಡೋದು ನೋಡೋಕೆ ದೂರದ ಉತ್ತರ ಅಂಡಮಾನಿನ ದಿಗ್ಲಿಪುರದ ಕಾಲಿಪುರ್ ಬೀಚಿಗೆ ಫೆಬ್ರವರಿ ಒಳ್ಳೆ ಸಮಯನೇ, ಆದ್ರೆ ಆರು ದಿನದಲ್ಲಿ ತುರುಕೋಕಾಗಲ್ಲ, ಅದಕ್ಕೇ ಅಂತ ಇನ್ನೊಂದ್ಸಲ ಹೋಗಿ.

ಮೊಸಳೆ ಬೋರ್ಡ್ ಇರೋ ಕಡೆ ನೀರಿಗಿಳೀಬೇಡಿ, ಉಪ್ಪುನೀರಿನ ಮೊಸಳೆ ಅಲ್ಲಿ ನಿಜಕ್ಕೂ ಇವೆ. ಬೀಚಲ್ಲಿ ಸ್ಯಾಂಡ್‌ಫ್ಲೈ ಅನ್ನೋ ಸಣ್ಣ ನೊಣ ಕಚ್ಚತ್ತೆ, ಉದ್ದ ಪ್ಯಾಂಟ್ ಇರಲಿ. ಸತ್ತ ಹವಳದ ತುಂಡೇ ಆದ್ರೂ ಬ್ಯಾಗಿಗೆ ಹಾಕಬೇಡಿ, ವನ್ಯಜೀವಿ ಕಾಯ್ದೆ ಕೆಳಗೆ ಬರತ್ತೆ, ಏರ್‌ಪೋರ್ಟಲ್ಲಿ ಹಿಡೀತಾರೆ.

ಡೇಟ್ ಫಿಕ್ಸ್ ಆದ್ಮೇಲೆ ಇಲ್ಲೇ ಹಾಕಿ, ಇಳಿತದ ಟೇಬಲ್ ನೋಡಿ ನೀಲ್‌ನ ಯಾವ ದಿನಕ್ಕೆ ಇಡೋದು ಅಂತ ಹೇಳ್ತೀನಿ, ಅದಾದ್ಮೇಲೆ ಫೆರ್ರಿ ಬುಕ್ ಮಾಡಿ.